ಮಾಂತುವಿನ ಎರಡು ಕಿಸೆ

ನಮ್ಮ ಕಡೆಯ ಜನ ಅಂಗಡಿಗೆ ಹೋದರೆ ಮೊದಲು ನೋಡುವುದು ಅಂಗಡಿಯವನನ್ನು, ಸಾಮಾನು ಆಮೇಲೆ. ಸೀರೆ ಮಾರುವವನಿಗೆ, "ಇಂಥಾದ್ದು ನಿಮ್ಮ ಮನ್ಯಾಗ ಯಾರು ಉಟ್ಟಾರ್ರಿ?" ಎಂದು ಕೇಳುತ್ತಾರೆ. ಡಾಕ್ಟರಿಗೆ, "ನಿಮ್ಮ ಮಕ್ಕಳಿಗಾದ್ರ ಇದ ಗುಳಗಿ ಕೊಡ್ತಿದ್ರೇನ್ರಿ?" ಎಂದು ಕೇಳಿ, ಉತ್ತರ ಬರುವ ತನಕ ಕುರ್ಚಿ ಬಿಟ್ಟು ಏಳುವುದಿಲ್ಲ. ಪುಣೆಗೆ ಬಂದು ವರ್ಷಗಟ್ಟಲೆ ಆಗಿದೆ. ಹೊಸ್ತಿಲು ದಾಟಿದರೆ ಮರಾಠಿ, ಒಳಗೆ ಬಂದರೆ ಇಂಡಿ-ಸಿಂದಗಿಯ ಮಾತು. ಏನೇನು ಬದಲಾದರೂ ಈ ಚಾಳಿ ಮಾತ್ರ ಹೋಗಿಲ್ಲ. ಮೊಬೈಲಿನ ಕಾಲ ಬಂದಾಗ ಇದೇ ಪ್ರಶ್ನೆ ಸಣ್ಣದಾಗಿ, "ನೀ ಯಾವ್ದು ಇಟ್ಟೀದಿ?" ಎಂದಾಯಿತು. ಈ ಪ್ರಶ್ನೆಯ ಬಾಯಿಗೆ ಸಿಕ್ಕಿ ಒದ್ದಾಡಿದವನು ನನ್ನ ಹೆಂಡತಿಯ ತಮ್ಮ ಮಾಂತು. ಅವನ ಕಥೆ ಹೇಳಲು ಕೂತರೆ ನನಗೆ ಯಾರ ಮೇಲೆ ಸಿಟ್ಟಾಗಬೇಕೆನ್ನುವುದೇ ತಿಳಿಯುವುದಿಲ್ಲ. ಸಿಟ್ಟಂತೂ ಬರುತ್ತದೆ.

ನಾನು ಶಿವರುದ್ರಪ್ಪ. ಚಿಂಚವಾಡದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕ್ಲಾರ್ಕು, ಕಾಳೇವಾಡಿಯಲ್ಲಿ ಮನೆ. ಮಾಂತು ತೊಂಬತ್ತೈದರಲ್ಲಿ ಪಿಯುಸಿ ಫೇಲಾಗಿ, ಒಂದು ಚೀಲ ಶೇಂಗಾ ಹೊತ್ತುಕೊಂಡು ಅಕ್ಕನ ಮನೆಗೆ ಬಂದ. ನಾನು ಹೇಳಿ ಕೇಳಿ ಕಾರ್ಖಾನೆಯಲ್ಲಿ ಹೆಲ್ಪರ್ ಕೆಲಸಕ್ಕೆ ಹಾಕಿಸಿದರೆ ಒಂದು ತಿಂಗಳು ತುಂಬುವುದರೊಳಗೆ ಬಿಟ್ಟು ಬಂದ. "ಅಲ್ಲಿ ಮಷೀನಿನ ಸಪ್ಪಳದಾಗ ಯಾರಿಗೂ ಯಾರ ಮಾತೂ ಕೇಳಸೂದಿಲ್ಲ ಮಾಮಾ" ಎನ್ನುವುದು ಅವನ ತಕರಾರು. ಅವನಿಗೆ ಮಾತೇ ಊಟ. ಕೊನೆಗೆ ಪಿಂಪ್ರಿಯ ಒಂದು ಪೇಜರ್ ಅಂಗಡಿಯವರು ಅವನ ಬಾಯಿ ನೋಡಿಯೇ ಕೆಲಸ ಕೊಟ್ಟರು.

ಪೇಜರ್ ಎಂದರೆ ಈಗಿನವರಿಗೆ ತಿಳಿಯಲಿಕ್ಕಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಸಣ್ಣ ಡಬ್ಬಿ ಅದು. ಯಾರಾದರೂ ನಿಮ್ಮನ್ನು ಕರೆದರೆ ಕುಂಯ್ಗುಡುತ್ತಿತ್ತು. ನೀವು ಮಾಡುತ್ತಿದ್ದ ಕೆಲಸ ಬಿಟ್ಟು ಎಸ್‌ಟಿಡಿ ಬೂತಿಗೆ ಓಡಿಹೋಗಿ ಅವರಿಗೆ ಫೋನು ಮಾಡಬೇಕಾಗಿತ್ತು. ನಮ್ಮ ಗಲ್ಲಿಯಲ್ಲಿ ಖಾನಾವಳಿ ನಡೆಸುವ ಸಾವಂತ್ರವ್ವನ ಗಂಡ ಮಲಕಪ್ಪ ಬಾಡಿಗೆ ಟೆಂಪೋ ಓಡಿಸುತ್ತಿದ್ದ. ಅವನಿಗೊಂದು ಪೇಜರ್ ಬೇಕೆಂದು ಗಂಡ ಹೆಂಡತಿ ಇಬ್ಬರೂ ಮಾಂತುವಿನ ಅಂಗಡಿಗೆ ಹೋದರು. "ನೀ ಯಾವ್ದು ಇಟ್ಟೀದಿ?" ಎಂದು ಸಾವಂತ್ರವ್ವ ಕೇಳಿದಳು. ಮಾಂತು ಅಂಗಿ ಎತ್ತಿ ಸೊಂಟದ ಮೇಲಿನದನ್ನು ತೋರಿಸಿದ. ಅಷ್ಟು ಸಾಕಾಯಿತು.

ಎರಡು ಮೂರು ವರ್ಷಗಳಲ್ಲಿ ಮೊಬೈಲು ಬಂದು, ಪೇಜರ್ ಎಂಬ ಡಬ್ಬಿ ನಿಜವಾಗಿಯೂ ಡಬ್ಬಿಯೇ ಆಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ಮಾಂತುವಿನ ಸೊಂಟದ ಮೇಲಿದ್ದ ಪೇಜರ್ ಅವನದ್ದಾಗಿರಲಿಲ್ಲ, ಅಂಗಡಿಯದ್ದು, ಸಂಜೆ ಬಾಗಿಲು ಹಾಕುವ ಮುಂಚೆ ಬಿಚ್ಚಿ ಕೊಟ್ಟು ಬರುತ್ತಿದ್ದ ಎನ್ನುವುದು ಗಲ್ಲಿಯಲ್ಲಿ ಎಲ್ಲರಿಗೂ ತಿಳಿಯಿತು. ಮಲಕಪ್ಪ ನಕ್ಕು ಬಿಟ್ಟುಬಿಟ್ಟ. ಸಾವಂತ್ರವ್ವ ಬಿಡಲಿಲ್ಲ. ಮಾಂತುವನ್ನು ಖಾನಾವಳಿಗೆ ಕರೆದು, ತಾಟು ಹಾಕಿ, ರೊಟ್ಟಿ ಪಲ್ಯ ಬಡಿಸಿ, ಆಮೇಲೆ ಬೈದಳು.

"ಸೊಂಟದ ಮ್ಯಾಲಿಂದೂ ನಿಂದಲ್ಲೇನೋ ಮಾಂತ್ಯಾ? ಹೋಗಲಿ, ಇನ್ನೂ ಸಣ್ಣಾಂವ ಅದೀ. ಆದ್ರ ನಿಂದಲ್ಲದ್ದನ್ನ ನಂದು ಅಂತ ಇನ್ನೊಮ್ಮೆ ತೋರಸಬ್ಯಾಡ."

ಮಾಂತು ಉಣ್ಣುತ್ತಿದ್ದ ತಾಟಿನ ಮೇಲೆ ಕೈಯಿಟ್ಟು ಆಣೆ ಮಾಡಿದ. "ಇನ್ಮ್ಯಾಲೆ ನಾ ಇಟ್ಟಿದ್ದನ್ನಷ್ಟ ಮಾರ್ತೀನಿ ಚಿಗವ್ವಾ" ಎಂದ. ನಮ್ಮಲ್ಲಿ ಅನ್ನದ ಮೇಲೆ ಇಟ್ಟ ಆಣೆ ಎಂದರೆ ಸಣ್ಣದಲ್ಲ. ಕೋರ್ಟಿನಲ್ಲಿ ಸುಳ್ಳು ಹೇಳಿ ಬಂದವನೂ ತಾಟಿನ ಮುಂದೆ ಬಾಯಿ ಮುಚ್ಚಿಕೊಂಡಿರುತ್ತಾನೆ.

ಆಮೇಲೆ ಅವನು ಮಾರ್ತಾಂಡ ಮೊಬೈಲ್ಸ್ ಸೇರಿದ. ನದಿಯ ಈಚೆ ನಮ್ಮ ಕಾಳೇವಾಡಿ, ಪೂಲು ದಾಟಿದರೆ ಪಿಂಪ್ರಿ ಕ್ಯಾಂಪಿನ ಬಜಾರು. ಆ ಬಜಾರಿನ ನಡುವೆ ಮಾರ್ತಾಂಡರಾವ್ ಎಂಬ ಮರಾಠಿ ಗೃಹಸ್ಥರ ದೊಡ್ಡ ಅಂಗಡಿ. ಎರಡು ಸಾವಿರದ ಐದರ ಸುಮಾರಿಗೆ ಅಲ್ಲಿ ಸ್ಮಾರ್ಟ್‌ಫೋನುಗಳಿಗೆಂದೇ ಬೇರೆ ಸಾಲು ಹಾಕಿಸಿದರು. ಆಗಲೇ ನಮ್ಮ ಮನೆಯಲ್ಲಿ ಸಿಂಬಿಯನ್ ಎಂಬ ಹೆಸರು ಕೇಳತೊಡಗಿದ್ದು. ಮಾಂತು ಉಣ್ಣುವಾಗ ಸಿಂಬಿಯನ್, ಕೈ ತೊಳೆಯುವಾಗ ಸಿಂಬಿಯನ್. ನಾನು ಬೇಸತ್ತು, "ಅದು ಯಾವ ಕಂಪನಿ ಫೋನೋ?" ಎಂದು ಕೇಳಿದೆ.

"ಕಂಪನಿ ಅಲ್ರಿ ಮಾಮಾ. ಫೋನು ಅಂದ್ರ ಟೆಂಪೋ ಇದ್ದಂಗ. ಟೆಂಪೋ ಯಾರದರ ಇರಲಿ, ಒಳಗ ಕುಂತು ಓಡಸಾಂವ ಒಬ್ಬ ಬೇಕಲ್ಲ? ಸಿಂಬಿಯನ್ ಅಂದ್ರ ಆ ಡ್ರೈವರ್. ವಿಂಡೋಸ್ ಅಂತ ಇನ್ನೊಬ್ಬ ಅದಾನ, ಬ್ಲ್ಯಾಕ್‌ಬೆರಿ ಅಂತ ಟೈ ಕಟ್ಟಿದವರ ಡ್ರೈವರ್ ಬ್ಯಾರೆ. ಎಲ್ಲಾರ್ಗಿಂತ ನಮ್ಮಾಂವ ಹಳಬ, ದಾರಿ ಗೊತ್ತಿದ್ದಾಂವ."

ಈ ಡ್ರೈವರುಗಳ ನಡುವೆ ಜಗತ್ತಿನಲ್ಲೆಲ್ಲ ಜಿದ್ದಾಜಿದ್ದಿ ನಡೆದಿತ್ತಂತೆ. ಅದರ ಒಂದು ಸಣ್ಣ ಆವೃತ್ತಿ ಮಾರ್ತಾಂಡರಾಯರ ಅಂಗಡಿಯಲ್ಲಿ ದಿನವೂ ನಡೆಯುತ್ತಿತ್ತು. ಒಂದೊಂದು ಡ್ರೈವರಿಗೆ, ಎಂದರೆ ಫೋನು ನಡೆಸುವ ಒಂದೊಂದು ಪದ್ಧತಿಗೆ ಒಂದೊಂದು ಕೌಂಟರು, ಒಂದೊಂದು ಬಣ್ಣದ ಟೀ-ಶರ್ಟಿನ ಹುಡುಗರು. ಗಿರಾಕಿ ಒಳಗೆ ಬಂದರೆ ಸಾಕು, ಸ್ವಾರಗೇಟ್ ಬಸ್‌ಸ್ಟ್ಯಾಂಡಿನಲ್ಲಿ ರಿಕ್ಷಾದವರು ಚೀಲಕ್ಕೆ ಕೈ ಹಾಕುವಂತೆ ನಾಲ್ಕೂ ಕಡೆಯಿಂದ ಕರೆಯುವರು. ಮಾಂತು ಹಾಗೆ ಕರೆಯುತ್ತಿರಲಿಲ್ಲ. ಕಿಸೆಯಿಂದ ತನ್ನ ಸ್ವಂತ ಫೋನು ತೆಗೆದು ಗಾಜಿನ ಮೇಲೆ ಇಡುತ್ತಿದ್ದ. ತನ್ನ ಪಗಾರದಲ್ಲಿ ಕೊಂಡದ್ದು. ಗುಂಡಿಗಳನ್ನು ನೋಡದೆಯೇ ಹೆಬ್ಬೆರಳಿನಲ್ಲಿ ಮೆಸೇಜು ಬರೆಯುತ್ತಿದ್ದ. ನಮ್ಮವರು ಯಾರೇ ಬಂದರೂ ಆ ಫೋನನ್ನು ಎತ್ತಿ, ತಿರುವಿ, ಮಸಾಲೆ ಡಬ್ಬಿಯಂತೆ ಒಮ್ಮೆ ಅಲ್ಲಾಡಿಸಿ, "ಇಂಥಾದ್ದ ಕೊಡು" ಎನ್ನುತ್ತಿದ್ದರು. ಹಾಗೆ ನಮ್ಮ ಗಲ್ಲಿಯ ಮುಕ್ಕಾಲು ಮನೆಗಳು ಸಿಂಬಿಯನ್ ಆದವು. ಕಾಳೇವಾಡಿಯಲ್ಲಿ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅದು 'ಮಾಂತ್ಯಾನ ಫೋನು'.

ನಾನೂ ಒಂದು ತೆಗೆದುಕೊಂಡೆ. ಅದರಲ್ಲಿ ಗಡಿಯಾರದ ಗಂಟೆ ಹೊಂದಿಸಬೇಕಾದರೆ ಒಂದರೊಳಗೊಂದು ಐದು ಕೋಣೆ ಹೊಕ್ಕು ಹೋಗಬೇಕು. ಹೊಕ್ಕ ದಾರಿಯಲ್ಲಿ ನಾನು ಎಂದೂ ಹೊರಗೆ ಬರಲಿಲ್ಲ, ಬೇರೆ ಎಲ್ಲೋ ಹೊರಬೀಳುತ್ತಿದ್ದೆ. ಬೈದರೆ ಮಾಂತು, "ರೂಢಿ ಆಗತದ ಮಾಮಾ" ಎನ್ನುತ್ತಿದ್ದ. ರೂಢಿಯಾಯಿತು ಎನ್ನುವಷ್ಟರಲ್ಲಿ ಆ ಪದ್ಧತಿಯೇ ಹಳತಾಗಿತ್ತು. ನನ್ನ ಸಿಟ್ಟಿಗೆ ಇದೂ ಒಂದು ಕಾರಣ.

ಒಂದು ರವಿವಾರ ಪೇಪರು ಹಿಡಿದುಕೊಂಡು ಬಂದ. "ಮಾಮಾ, ಜಗತ್ತಿನಾಗ ನೂರು ಸ್ಮಾರ್ಟ್‌ಫೋನು ಮಾರಿದ್ರ ಅರವತ್ತಕ್ಕಿಂತ ಹೆಚ್ಚು ನಮ್ಮವ ಅದಾವ್ರಿ."

"ನಮ್ಮವ ಅಂದ್ರ ಯಾರವೋ? ನಿನಗೇನರ ಪಾಲು ಬರದು ಕೊಟ್ಟಾರೇನು?" ಎಂದೆ.

ನಮ್ಮ ಊರಲ್ಲಿ ಪಾಲು ಎಂದರೆ ಅಣ್ಣತಮ್ಮಂದಿರು ಹೊಲದ ಬದುವಿನ ಮೇಲೆ ನಿಂತು ತಲೆ ಒಡೆದುಕೊಳ್ಳುವ ವಿಷಯ. ಇವನು ಕಾಣದ ದೇಶದ ಪದ್ಧತಿಯೊಂದರ ಪಾಲು ಏರಿದರೆ ಇಲ್ಲಿ ಕಾಳೇವಾಡಿಯಲ್ಲಿ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದ. ಅವನ ಹೆಂಡತಿ ರೇಣು, "ಇವ್ರಿಗೆ ಪಗಾರ ಏರಿದ್ದಕ್ಕೂ ಇಷ್ಟು ಖುಷಿ ಆಗೂದಿಲ್ಲ ನೋಡ್ರಿ" ಎಂದು ನಗುತ್ತಿದ್ದಳು. ನಿಜ ಹೇಳಬೇಕೆಂದರೆ ನಾನೂ ಒಳಗೊಳಗೆ ಖುಷಿಪಡುತ್ತಿದ್ದೆ. ಪೇಜರಿನ ಕಲೆ ತೊಳೆದು ಹೋಗಿತ್ತು. ಊರಿನಿಂದ ಬಂದವರು ಸಹ "ಮಾಂತು ಹೇಳ್ಯಾನ" ಎಂದರೆ ಮರುಮಾತಾಡುತ್ತಿರಲಿಲ್ಲ. ಪಿಯುಸಿ ಫೇಲಾದವನಿಗೆ ಪುಣೆಯಲ್ಲಿ ಅದಕ್ಕಿಂತ ದೊಡ್ಡ ಡಿಗ್ರಿ ಯಾರು ಕೊಡುತ್ತಾರೆ?

ಎರಡು ಸಾವಿರದ ಎಂಟರಲ್ಲಿ ಐಫೋನು ಬಂತು. ಅದನ್ನು ಕೊಳ್ಳುವವರು ಪಿಂಪ್ರಿ ಬಜಾರಿಗೆ ಬರುವವರಲ್ಲ, ಆದ್ದರಿಂದ ಮಾಂತು ತಲೆ ಕೆಡಿಸಿಕೊಳ್ಳಲಿಲ್ಲ. ಮರುವರ್ಷ ಆಂಡ್ರಾಯ್ಡ್ ಬಂತು. ಅದು ಹಂದಿಜ್ವರದ ವರ್ಷ. ಪುಣೆಯೆಲ್ಲ ಮೂಗು ಬಾಯಿ ಕಟ್ಟಿಕೊಂಡು ತಿರುಗುತ್ತಿತ್ತು, ಗಣಪತಿ ಹಬ್ಬದಲ್ಲೂ ಬಜಾರು ಬಿಕೋ ಎನ್ನುತ್ತಿತ್ತು. ವ್ಯಾಪಾರವಿಲ್ಲದೆ ಕಂಗಾಲಾದ ಮಾರ್ತಾಂಡರಾಯರು ಅಂಗಡಿಯನ್ನೇ ಬದಲಿಸಿಬಿಟ್ಟರು. ಬಾಗಿಲ ಎದುರಿಗೆ ಹೊಸ ಪದ್ಧತಿಯ ಕೌಂಟರು. ಮಾಂತುವಿನ ಸಿಂಬಿಯನ್ ಸಾಲು ಹಿಂದೆ, ಕವರು ಚಾರ್ಜರುಗಳ ಪಕ್ಕಕ್ಕೆ. ಮಾಂತುವನ್ನು ಮಾತ್ರ ಹಿಂದೆ ಕಳಿಸಲಿಲ್ಲ. ಚೆನ್ನಾಗಿ ಮಾರುವವನು ಅವನೇ ಆದ್ದರಿಂದ ಅವನನ್ನು ಹೊಸ ಕೌಂಟರಿಗೆ ಹಾಕಿದರು. ಹೊಸ ಬಣ್ಣದ ಟೀ-ಶರ್ಟು ಕೊಟ್ಟರು. ಒಂದು ಆಂಡ್ರಾಯ್ಡ್ ಫೋನನ್ನು ಅವನ ಕೈಗಿತ್ತು, ಯಾರು ಕೇಳಿದರೂ ಇದೇ ನನ್ನದು ಎಂದು ತೋರಿಸು ಎಂದರು.

ಮಾಂತು ಅವರಿಗೆ ನಮ್ಮ ಕಡೆಯವರ ಪ್ರಶ್ನೆಯನ್ನೂ ತನ್ನ ಆಣೆಯನ್ನೂ ವಿವರಿಸಿದನಂತೆ. ರಾಯರು ನಕ್ಕು, "ದುಕಾನಾತ ಆಪಲಾ-ಪರಕಾ ಕಾಹೀ ನಸತಂ, ಸಗಳೇ ಗಿರಾಯೀಕ" ಎಂದರಂತೆ. ಅಂಗಡಿಯೊಳಗೆ ನಮ್ಮವರು, ಪರರು ಎನ್ನುವುದಿಲ್ಲ, ಎಲ್ಲರೂ ಗಿರಾಕಿಗಳೇ ಎನ್ನುವುದು ಅವರ ಲೆಕ್ಕ. ಅವರ ದೃಷ್ಟಿಯಲ್ಲಿ ಅದು ತಪ್ಪೂ ಅಲ್ಲ. ಅವರು ಯಾರ ತಾಟಿನ ಮೇಲೂ ಕೈಯಿಟ್ಟಿರಲಿಲ್ಲ.

"ಹಂಗಾದ್ರ ಹೊಸಾದ್ದನ್ನ ಖರೇನ ಕೊಂಡು ಇಟ್ಟುಬಿಡ್ರಿ, ಸುಳ್ಳು ಎಲ್ಲಿ ಬಂತು?" ಎಂದು ರೇಣು ಕೇಳಿದಳು. ಬುದ್ಧಿವಂತೆ. ಮಾಂತು ಅದನ್ನೂ ಪ್ರಯತ್ನಿಸಿದ. ಅಂಗಡಿಯ ಫೋನನ್ನೇ ಒಂದು ವಾರ ಬಳಸಿ ನೋಡಿದ. ಗುಂಡಿಯೇ ಇಲ್ಲದ ಗಾಜಿನ ಮೇಲೆ ಅವನ ಹೆಬ್ಬೆರಳು ಕುರುಡಾಯಿತು. ಸಂಜೆಯಾಗುವುದರೊಳಗೆ ಚಾರ್ಜು ಇಳಿಯುತ್ತಿತ್ತು. "ಬರೇ ಥಳಕು ಮಾಮಾ, ವರ್ಷೊಪ್ಪತ್ತಿನಾಗ ಇದರ ಹೆಸರು ಹೇಳಾವ್ರು ಇರೂದಿಲ್ಲ" ಎಂದು ನನ್ನ ಮುಂದೆ ಸಿಡಿಮಿಡಿಗೊಂಡ. ನಂಬಿಕೆಯಿಲ್ಲದ್ದನ್ನು ಕೊಳ್ಳಲಾರ, ನೌಕರಿ ಬಿಡಲಾರ. ಅಂಗಡಿಯದ್ದು ಅಂಗಿಯ ಕಿಸೆಗೆ ಬಂತು, ತನ್ನದು ಪ್ಯಾಂಟಿನ ಕಿಸೆಗೆ ಇಳಿಯಿತು.

ಖರಾಡಿ ಕಡೆಯ ಕಂಪ್ಯೂಟರ್ ಆಫೀಸಿನವರು, ಕಾಲೇಜಿನ ಹುಡುಗರು ಬಂದರೆ ಚಿಂತೆಯಿರಲಿಲ್ಲ. ಅವರು ಮಾರುವವನ ಮುಖವನ್ನೂ ನೋಡುವುದಿಲ್ಲ, ನೆಟ್ಟಿನಲ್ಲಿ ಓದಿಕೊಂಡು ಬಂದಿರುತ್ತಾರೆ. ನಮ್ಮವರು ಬಾಗಿಲಲ್ಲಿ ಕಂಡರೆ ಮಾಂತುವಿಗೆ ಚಹಾ ನೆನಪಾಗುತ್ತಿತ್ತು, ಹಿಂದಿನ ಬಾಗಿಲಿನಿಂದ ಹೊರಬೀಳುತ್ತಿದ್ದ. ಆ ಎರಡು ತಿಂಗಳು ಅವನಷ್ಟು ಚಹಾ ಕುಡಿದವರು ಪಿಂಪ್ರಿಯಲ್ಲಿ ಯಾರೂ ಇರಲಿಕ್ಕಿಲ್ಲ. ಮನೆಗೆ ಬಂದರೆ ಮಾತಿಲ್ಲ, ಪೇಪರು ಮುಟ್ಟುತ್ತಿರಲಿಲ್ಲ. ಎರಡೂ ಫೋನು ಚಾರ್ಜಿಗೆ ಹಚ್ಚಿ, ಎರಡಕ್ಕೂ ಬೆನ್ನು ತಿರುಗಿಸಿ ಕೂರುತ್ತಿದ್ದ. ಅವನ ಅಕ್ಕ, ನನ್ನ ಹೆಂಡತಿ ಪ್ರೇಮಾವತಿ, "ಇಬ್ಬರು ಹೆಂಡರ ಗಂಡ ಆದಂಗ ಆಗೇದ ಇವನ ಬಾಳೇವು" ಎಂದಳು. ನಗು ಬರಬೇಕಾದ ಮಾತು, ಯಾರಿಗೂ ಬರಲಿಲ್ಲ.

ದೀಪಾವಳಿ ಹತ್ತಿರ ಬಂತು. ಸಾವಂತ್ರವ್ವನಿಗೆ ಆ ವರ್ಷ ಅಳಿಯತನದ ಹಬ್ಬ. ಮಲಕಪ್ಪ ತೀರಿಕೊಂಡ ಮೇಲೆ ಖಾನಾವಳಿಯ ಒಲೆಯ ಮುಂದೆಯೇ ಮಗಳು ದುರ್ಗಾಳನ್ನು ಬೆಳೆಸಿ ಬಿ.ಕಾಂ. ಓದಿಸಿದ್ದಳು. ದುರ್ಗಾ ಖರಾಡಿಯ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿ, ಅಲ್ಲಿಯೇ ರಘುರಾಮ ಎಂಬ ಬೆಂಗಳೂರಿನ ಹುಡುಗನನ್ನು ಮೆಚ್ಚಿ, ಬೇಸಿಗೆಯಲ್ಲಿ ಮದುವೆಯಾಗಿದ್ದಳು. ಹುಡುಗ ಒಳ್ಳೆಯವನು. ಆದರೆ ಬೀಗರ ಮನೆಯಲ್ಲಿ ಯಾರೋ 'ಖಾನಾವಳಿಯವರು' ಎಂದು ಆಡಿದ ಮಾತು ಸಾವಂತ್ರವ್ವನ ಕಿವಿಗೆ ಬಿದ್ದಿತ್ತು. ಮೊದಲ ದೀಪಾವಳಿಗೆ ಅಳಿಯನನ್ನು ಮಣೆಯ ಮೇಲೆ ಕೂರಿಸಿ ಆಯೇರಿ ಕೊಡುವುದು ನಮ್ಮ ಪದ್ಧತಿ. ಹಿಂದೆ ಗಡಿಯಾರ ಕೊಡುತ್ತಿದ್ದರು, ಉಂಗುರ ಕೊಡುತ್ತಿದ್ದರು. ಈ ಅಳಿಯ ಗಡಿಯಾರವನ್ನೂ ಕಟ್ಟುವವನಲ್ಲ. ಚಲೋ ಫೋನೇ ಕೊಡಬೇಕೆಂದು ಅವಳು ನಿಶ್ಚಯಿಸಿದಳು.

"ಶಿವರುದ್ರಪ್ಪಣ್ಣಾರ, ನೀವೂ ಜೋಡಿ ಬರ್ರಿ. ಒಳಗ ಎಲ್ಲಾ ಮರಾಠಿ ಭಾಳ ಜೋರಾಗಿ ಮಾತಾಡ್ತಾರ" ಎಂದಳು. ಹೋದೆ.

ಅವತ್ತು ಅಂಗಡಿಯಲ್ಲಿ ಜನ ತುಂಬಿದ್ದರು. ಮಾರ್ತಾಂಡರಾಯರು ಮಾಂತುವಿನ ಪಕ್ಕದಲ್ಲೇ ನಿಂತಿದ್ದರು, ಚಹಾಕ್ಕೆ ಹೋಗಲು ದಾರಿಯಿರಲಿಲ್ಲ. ಸಾವಂತ್ರವ್ವ ಗಾಜಿನ ಮೇಲೆ ಕೈಯೂರಿ ನಿಂತು, ಅಳಿಯನ ವಿಷಯ, ಬೀಗರ ವಿಷಯ, ಎಲ್ಲ ಹೇಳಿ ಕೊನೆಗೆ ಅದನ್ನೇ ಕೇಳಿದಳು.

"ನೀ ಯಾವ್ದು ಇಟ್ಟೀದಿ ಮಾಂತ್ಯಾ?"

ಮಾಂತು ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ರಾಯರ ಮುಖ. ಅವನ ಕೈ ಅಂಗಿಯ ಕಿಸೆಗೆ ಹೋಯಿತು. ಆ ಕೈಯನ್ನು ಹಿಡಿದು ನಿಲ್ಲಿಸಬೇಕು ಅನ್ನಿಸಿತು ನನಗೆ. ಹೊಸ ಫೋನನ್ನು ತೆಗೆದು ಅವಳ ಮುಂದಿಟ್ಟ. "ಇದನ್ನ ಇಟ್ಟೀನಿ ಚಿಗವ್ವಾ" ಎಂದ. ದನಿ ಅವನದ್ದಾಗಿರಲಿಲ್ಲ.

ಸಾವಂತ್ರವ್ವ ಎತ್ತಿ ನೋಡಿದಳು, ತೂಗಿ ನೋಡಿದಳು, ಸಮಾಧಾನವಾಯಿತು. "ಛಲೋ ಅದ. ಸಪ್ಪಳ ಹೆಂಗದ ಕೇಳೂಣು ತಡಿ" ಎಂದು ತನ್ನ ಸಣ್ಣ ಫೋನು ತೆಗೆದಳು. ಅವಳು ದಿನಾ ಊಟದ ಡಬ್ಬಿಯವರಿಗೆಲ್ಲ ಮಿಸ್ಡ್ ಕಾಲ್ ಕೊಟ್ಟೇ ವ್ಯವಹಾರ ನಡೆಸುವವಳು. ಮಾಂತುವಿನ ನಂಬರು ಅವಳ ಬೆರಳಿಗೇ ಗೊತ್ತು. ಹೊಸ ಫೋನನ್ನು ಎಡಗೈಯಲ್ಲಿ ಕಿವಿಯ ಹತ್ತಿರ ಹಿಡಿದು, ಬಲಗೈಯಿಂದ ಮಿಸ್ಡ್ ಕಾಲ್ ಕೊಟ್ಟಳು.

ಮಾಂತುವಿನ ಪ್ಯಾಂಟಿನ ಕಿಸೆ ಹಾಡತೊಡಗಿತು.

ರಾಯರು ಚುರುಕು. "ದೋನ ನಂಬರ ಆಹೇತ ತ್ಯಾಚೇ" ಎಂದರು, ಇವನಿಗೆ ಎರಡು ನಂಬರು ಎಂದು. ಸಾವಂತ್ರವ್ವ ಅವರ ಕಡೆ ತಿರುಗಲೂ ಇಲ್ಲ.

"ಅದನ್ನ ತಗಿ" ಎಂದಳು.

ತೆಗೆದ. ಗುಂಡಿಗಳ ಮೇಲಿನ ಅಕ್ಷರಗಳು ಅಳಿಸಿಹೋಗಿದ್ದವು, ಮೂಲೆಯ ಬಣ್ಣ ಎದ್ದಿತ್ತು. ಗಾಜಿನ ಮೇಲಿದ್ದ ಹೊಸದರ ಮೈಮೇಲೆ ಇನ್ನೂ ಡಬ್ಬಿಯಿಂದ ಬಂದ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಸಾವಂತ್ರವ್ವ ಎರಡನ್ನೂ ಜೋಡಿಸಿಟ್ಟು ನೋಡಿದಳು. "ಇದು ನಿಂದು. ಅದು ಅಂಗಡೀದು. ನನಗ ಇಂಥಾದ್ದ ಕೊಡು" ಎಂದು ಹಳೆಯದನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. ಬೈಯಲಿಲ್ಲ. ಹಿಂದಿನ ಸಾಲಿನಿಂದ ಒಂದು ಹೊಸ ಸಿಂಬಿಯನ್ ಫೋನು ಡಬ್ಬಿ ಸಮೇತ ಬಂತು.

ದಾರಿಯಲ್ಲಿ ಪೂಲಿನ ಮೇಲೆ ಅವಳು, "ನೌಕರಿ ಮಾಡಾವ್ರದು ಹಂಗ ಇರತದ ಅಣ್ಣಾರ. ಖರೇದು ಕಿಸೇದಾಗರ ಇಟ್ಕೊಂಡಿದ್ದ" ಎಂದಳಷ್ಟೆ. ಮಾಂತುವಿಗೆ ರಾಯರಿಂದ ಬೈಗಳಾದವು, ಆದರೂ ಅವತ್ತು ಮನೆಗೆ ಬಂದವನು ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡ. "ನಾ ಸುಳ್ಳು ಹೇಳಿದ್ರೂ ಚಿಗವ್ವನ ಕೈಗೆ ಖರೇದ ಹೋತು ಮಾಮಾ" ಎಂದು ಎರಡು ಸಲ ಹೇಳಿದ. ನನಗೂ ಹಗುರಾಯಿತು. ಇಬ್ಬರೂ ದಡ್ಡರು.

ಪಾಡ್ಯದ ದಿನ ಸಾವಂತ್ರವ್ವನ ಮನೆಗೆ ನಾವೆಲ್ಲ ಊಟಕ್ಕೆ ಹೋಗಿದ್ದೆವು. ಬೀಗರ ಕಡೆಯ ಇಬ್ಬರು ಹೆಂಗಸರು ಬೆಂಗಳೂರಿನಿಂದ ಬಂದಿದ್ದರು. ಅಭ್ಯಂಜನ ಮುಗಿಸಿ ರಘುರಾಮ ಮಣೆಯ ಮೇಲೆ ಕೂತ. ದುರ್ಗಾ ಪಕ್ಕದಲ್ಲಿ. ಆರತಿ ಬೆಳಗಿ ಆಯೇರಿಯ ತಾಟು ಮುಂದಿಟ್ಟರು. ಅವನು ಡಬ್ಬಿ ಬಿಚ್ಚಿ, ಫೋನು ಹೊರತೆಗೆದು, ತಿರುವಿ ನೋಡಿ, ನಕ್ಕ.

"ಇಷ್ಟೆಲ್ಲ ಯಾಕೆ ಮಾಡೋಕೆ ಹೋದ್ರಿ ಅತ್ತೆ?" ಎಂದ. ಸಾವಂತ್ರವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, "ಛಲೋ ಅದ ಇಲ್ರಿ?" ಎಂದಳು.

"ಚೆನ್ನಾಗಿದೆ. ಆದ್ರೆ ಇದು ಸಿಂಬಿಯನ್ ಅಲ್ವಾ, ಈಗ ಎಲ್ರೂ ಬಿಡ್ತಾ ಇದ್ದಾರೆ. ನಮ್ಮ ಆಫೀಸಲ್ಲೇ ಇದರ ಕೆಲಸ ನಿಲ್ಸಿ, ನಮ್ಮ ಟೀಮನ್ನ ಪೂರ್ತಿ ಆಂಡ್ರಾಯ್ಡ್‌ಗೆ ಹಾಕಿದ್ದಾರೆ. ಅಂಗಡೀಲಿ ಕೊಟ್ಟು ಬದಲಾಯಿಸ್ಕೊಳ್ಲಾ? ನೀವು ಬೇಜಾರು ಮಾಡ್ಕೋಬಾರ್ದು."

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಅವನಿಗೆ ಅದೊಂದು ಸಾಮಾನು, ಅಷ್ಟೇ. ಆದರೆ ಆಯೇರಿ ಕೊಟ್ಟದ್ದನ್ನು ಅಂಗಡಿಗೆ ತಿರುಗಿ ಒಯ್ಯುವುದು ನಮ್ಮಲ್ಲಿ ಕೊಟ್ಟವರನ್ನೇ ತಿರುಗಿ ಕಳಿಸಿದಂತೆ. ಬೀಗರ ಕಡೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದುರ್ಗಾ ತಲೆ ತಗ್ಗಿಸಿದಳು. ಸಾವಂತ್ರವ್ವ, "ಬದಲಿ ಮಾಡಸ್ಕೋರಿ, ಅದಕ್ಕೇನಂತ" ಎಂದು ಹೇಳಿ ಒಲೆಯ ಕಡೆ ಹೋದಳು. ಹೋಳಿಗೆ ಬಡಿಸಲು ಬಂದಾಗ ಅವಳ ಕಣ್ಣು ಕೆಂಪಾಗಿದ್ದವು.

ರಘುರಾಮ ಅದನ್ನು ಬದಲಿಸಲು ಹೋದದ್ದು ಮಾಂತುವಿನ ಕೌಂಟರಿಗೇ. ತಾನು ಅಂಗಿಯ ಕಿಸೆಯಲ್ಲಿ ಹೊತ್ತು ತಿರುಗುತ್ತಿದ್ದ ಅದೇ ಮಾಡೆಲ್ಲನ್ನು ಮಾಂತು ತನ್ನ ಕೈಯಾರೆ ತೆಗೆದು ಕೊಡಬೇಕಾಯಿತು. ಮಾರ್ತಾಂಡರಾಯರು ಗೆದ್ದ ಪೈಲ್ವಾನನಂತೆ ಸುತ್ತ ನೋಡಿದರಂತೆ. ಅವತ್ತೇ ಮಾಂತು ಅಂಗಡಿಯ ಟೀ-ಶರ್ಟಿನಲ್ಲೇ ಖಾನಾವಳಿಗೆ ಹೋದ. ನಾನು 'ಇವತ್ತು ಬ್ಯಾಡ' ಎಂದರೂ ಕೇಳಲಿಲ್ಲ, ಕೊನೆಗೆ ನಾನೂ ಬೆನ್ನಿಗೆ ಹೋದೆ.

ಸಾವಂತ್ರವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಾ ಏನರ ಬೇಕಂತ ಮಾಡಿಲ್ಲ ಚಿಗವ್ವಾ" ಎಂದ ಮಾಂತು. "ನನಗ ಖರೇ ಅನಿಸಿದ್ದ ನಿನಗ ಕೊಟ್ಟೆ."

"ನಂಗೊತ್ತು."

"ಮತ್ತ ಸಿಟ್ಟು ಮಾಡಬ್ಯಾಡ."

"ಸಿಟ್ಟು ಅಲ್ಲೋ ಮಾಂತ್ಯಾ" ಎಂದಳು. ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ, ಆಮೇಲೆ ಅವನ ಕಡೆ ನೋಡಿದಳು. "ನೀ ಸುಳ್ಳು ಹೇಳಿ ತೋರಸಿದ್ದ ಖರೇ ಆತು. ಖರೇ ಅಂತ ಕೊಟ್ಟದ್ದು ಸುಳ್ಳಾತು. ಇನ್ನ ನಿನ್ನ ಏನಂತ ಕೇಳಲಿ ನಾ?"

ಆ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅವನು ಪೇಜರಿನ ಸಲ ಸುಳ್ಳು ಹೇಳಿದಾಗ ಕ್ಷಮೆ ಸಿಕ್ಕಿತು. ಈ ಸಲ ಮನಸ್ಸಿಟ್ಟು ನಂಬಿದ್ದಕ್ಕೆ ಕ್ಷಮೆ ಕೇಳುವುದಾದರೂ ಹೇಗೆ? ಯಾವುದೋ ದೇಶದಲ್ಲಿ ಕೂತವರು ಪಾಲಿಗೆ ಕಿತ್ತಾಡುತ್ತಾರೆ. ಸೋತವರು ಇನ್ನೊಂದು ಫೋನು ಮಾಡಿಕೊಂಡಾರು. ಮಾಂತುವಿನ ಮಾತಿಗೆ ಇನ್ನೊಂದು ಮಾಡೆಲ್ ಎಲ್ಲಿಂದ ತರುವುದು? ಅವತ್ತು ತಾಟು ಹಾಕಿ ಉಣ್ಣು ಎಂದಳು ಸಾವಂತ್ರವ್ವ. ಅವನು ಉಂಡ, ಎದ್ದ, ಬಂದ.

ಡಿಸೆಂಬರಿನ ಹೊತ್ತಿಗೆ ಗಲ್ಲಿಯ ಜನ ಅಂಗಡಿಗೆ ಬರುತ್ತಲೇ ಇದ್ದರು, ಮಾಂತುವಿನ ಕೌಂಟರಿನಲ್ಲೇ ಕೊಳ್ಳುತ್ತಿದ್ದರು ಕೂಡ. ಯಾರೂ ಮುನಿಸಿಕೊಂಡಿರಲಿಲ್ಲ. ಮಾಂತು ಈಗ ಹಳೆಯ ಫೋನನ್ನು ಟ್ರಂಕಿನಲ್ಲಿಟ್ಟು, ಹೊಸ ಪದ್ಧತಿಯದ್ದೊಂದನ್ನು ತನ್ನ ಪಗಾರದಲ್ಲಿ ಕೊಂಡಿದ್ದ. ಗಾಜಿನ ಮೇಲೆ ಬೆರಳು ಆಡಿಸುವುದನ್ನು ಹಟ ಹಿಡಿದು ಕಲಿತಿದ್ದ. ಒಂದೇ ಫೋನು, ಒಂದೇ ಕಿಸೆ. ಈಗ ಯಾರು ಕೇಳಿದರೂ ಎದೆ ತಟ್ಟಿ ತೋರಿಸಬಹುದಿತ್ತು.

ಒಂದು ಸಂಜೆ ನನ್ನ ಫೋನು ಬಕೆಟ್ಟಿನೊಳಗೆ ಬಿದ್ದು ಸತ್ತಿತು. ಊಟಕ್ಕೆ ಕೂತಾಗ ಪ್ರೇಮಾವತಿ, "ಮಾಂತು, ಇವ್ರಿಗೊಂದು ಹೊಸಾದು ಬೇಕಾಗೇದ ನೋಡು" ಎಂದಳು. ಮಾಂತು ತಾಟಿನಿಂದ ಕೈಯೆತ್ತಿ ಅಕ್ಕನ ಮುಖ ನೋಡಿದ. ಅವನ ಎಡಗೈ ಆಗಲೇ ಕಿಸೆಯೊಳಗೆ ಹೋಗಿತ್ತು. ಅವನು ಯಾವ ಮಾತಿಗೆ ಕಾಯುತ್ತಿದ್ದಾನೆಂದು ನನಗೆ ಗೊತ್ತಿತ್ತು. ಅವಳು ಕೇಳುತ್ತಾಳೆ ಎಂದು ನಾನೂ ಕಾದೆ.

ಪ್ರೇಮಾವತಿ ಅವನಿಗೆ ಇನ್ನೊಂದು ರೊಟ್ಟಿ ಹಾಕಿ, "ನಿಮ್ಮ ಅಂಗಡ್ಯಾಗ ಈಗ ಯಾವ್ದು ಭಾಳ ಹೋಗಾಕತ್ತದ?" ಎಂದು ಕೇಳಿದಳು.

ಮಾಂತು ಕೈಯನ್ನು ಖಾಲಿಯಾಗಿಯೇ ಹೊರಗೆ ತೆಗೆದ.

"ಆಂಡ್ರಾಯ್ಡ್ ಅಕ್ಕಾ" ಎಂದ. "ಎಲ್ಲಾರೂ ಅದನ್ನ ಒಯ್ಯಾಕತ್ತಾರ."